ಹಾಲಲ್ಲಿ ನುಂಗಿದ ಮಾತ್ರೆ

ಪಾಪಮ್ಮ ಮಾತ್ರೆ ನುಂಗುವ ವೈಖರಿಯನ್ನು ಅವಳ ಸೊಸೆ ಇಂದ್ರಾಣಿ ಮದುವೆಯಾಗಿ ಬಂದು ಹತ್ತು ವರ್ಷವಾದರೂ ಸರಿಯಾಗಿ ನೋಡಿರಲಿಲ್ಲ. ನೋಡಿದ್ದು ಜೂನ್ ತಿಂಗಳ ಒಂದು ಭಾನುವಾರ. ಅತ್ತೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಥೈರಾಯ್ಡಿನ ಪುಟ್ಟ ಬಿಳಿ ಮಾತ್ರೆ, ಮಂಡಿನೋವಿಗೆ ಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆ, ರಕ್ತ ಕಮ್ಮಿ ಎಂದು ಕೊಟ್ಟಿದ್ದ ಕಬ್ಬಿಣದ ಮಾತ್ರೆ, ಮೂರನ್ನೂ ಅಂಗೈಯಲ್ಲಿ ಒಟ್ಟು ಮಾಡಿಕೊಂಡು ಒಂದೇ ಸಲಕ್ಕೆ ಬಾಯಿಗೆ ಎಸೆದುಕೊಂಡಳು. ಅದರ ಮೇಲೆ ಒಂದು ದೊಡ್ಡ ಲೋಟ ಬಿಸಿಹಾಲು ಗಟಗಟ ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

ಇಂದ್ರಾಣಿ ನಂಜನಗೂಡಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿ ಆಗ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲೇ ಡಾಕ್ಟರುಗಳ ಕಾಗೆಕಾಲಿನ ಬರಹ ಓದುವುದನ್ನು ಕಲಿತಿದ್ದಳು. ಕೌಂಟರಿನ ಆಚೆ ನಿಂತವರಿಗೆ ‘ಇದು ಊಟ ಆದ್ಮೇಲೆ, ಇದು ಖಾಲಿ ಹೊಟ್ಟೇಲಿ’ ಎಂದು ಹೇಳುವ ಗಟ್ಟಿ ದನಿಯನ್ನೂ ಕಲಿತಿದ್ದಳು. ಆ ದನಿ ಸಾಯಂಕಾಲದ ಬಸ್ಸಿನಲ್ಲಿ ಅವಳ ಜೊತೆಗೇ ಮನೆಗೂ ಬರುತ್ತದೆ ಎನ್ನುವುದು ಗಂಡ ಶಿವಮೂರ್ತಿಯ ದೂರು. ಅವನು ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಕಂಟ್ರಾಕ್ಟಿನ ಕೆಲಸಗಾರ, ಶಿಫ್ಟಿನ ಮನುಷ್ಯ. ಮನೆಯಲ್ಲಿದ್ದಾಗ ಅವನಿಗೆ ಬೇಕಾಗಿದ್ದು ನಿದ್ದೆ ಮತ್ತು ಮೌನ.

"ಅತ್ತೆ, ಅದು ಥೈರಾಯ್ಡ್ ಮಾತ್ರೆ. ಬರೀ ನೀರಲ್ಲಿ ತಗೋಬೇಕು, ಒಂಟಿಯಾಗಿ ತಗೋಬೇಕು. ಹಾಲು ಕುಡಿದ್ರೆ ಅದು ಮೈಗೆ ಹತ್ತಲ್ಲ" ಎಂದಳು ಇಂದ್ರಾಣಿ.

ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ ಮಾವ ಪುಟ್ಟಬಸವಯ್ಯ ಅಲ್ಲಿಂದಲೇ ಉತ್ತರ ಕೊಟ್ಟ. "ಇಂಗ್ಲಿಸ್ ಮಾತ್ರೆ ಮೈಗೆ ಈಟು ಕಣವ್ವ. ಆಲಿಲ್ದೆ ನುಂಗುದ್ರೆ ಕರುಳು ಸುಟ್ಟೋಯ್ತದೆ. ನಮ್ಮವ್ವನ ಕಾಲದಿಂದ್ಲೂ ಅಂಗೇ."

ನಾಲ್ಕು ವರ್ಷದ ಹಿಂದೆ ಪಾಪಮ್ಮನ ಮುಖ ಊದಿಕೊಂಡು, ತಲೆಗೂದಲು ಹಿಡಿಹಿಡಿ ಉದುರಿ, ನಾಲ್ಕು ಹೆಜ್ಜೆ ಇಟ್ಟರೆ ಸುಸ್ತು ಎನ್ನುವಂತಾದಾಗ ಆಸ್ಪತ್ರೆಯಲ್ಲಿ ಥೈರಾಯ್ಡ್ ಎಂದಿದ್ದರು. ಐವತ್ತರ ಮಾತ್ರೆಯಿಂದ ಶುರುವಾಗಿತ್ತು. ಪ್ರತಿ ಸಲ ರಕ್ತ ಪರೀಕ್ಷೆ ಮಾಡಿದಾಗಲೂ ಇನ್ನೂ ಹತೋಟಿಗೆ ಬಂದಿಲ್ಲವೆಂದು ಎಪ್ಪತ್ತೈದಾಯಿತು, ನೂರಾಯಿತು, ನೂರಿಪ್ಪತ್ತೈದಾಯಿತು. ಈಗ ನೂರೈವತ್ತಕ್ಕೆ ಬಂದು ನಿಂತಿತ್ತು. ಸರಿಯಾಗಿ ತಗೋತಿದ್ದೀರಾ ಎಂದು ಡಾಕ್ಟರು ಕೇಳಿದಾಗಲೆಲ್ಲ ಪಾಪಮ್ಮ ನೀವು ಹೇಳಿದ ಹಾಗೇ ಸಾ ಎನ್ನುತ್ತಿದ್ದಳು. ಅವಳ ಮಟ್ಟಿಗೆ ಅದು ಸುಳ್ಳಲ್ಲ. ಬೆಳಿಗ್ಗೆ ಒಂದು ಎಂದಿದ್ದರು, ಬೆಳಿಗ್ಗೆ ಒಂದು ನುಂಗುತ್ತಿದ್ದಳು. ಹಾಲಿನ ವಿಚಾರ ಮನೆಯ ವಿಚಾರ, ಅದನ್ನು ಡಾಕ್ಟರಿಗೆ ಯಾಕೆ ಹೇಳಬೇಕು?

ಆ ಭಾನುವಾರ ಮಧ್ಯಾಹ್ನದ ಮುದ್ದೆ ಮುಗಿಯುವವರೆಗೂ ವಾದ ನಡೆಯಿತು. ಪುಟ್ಟಬಸವಯ್ಯ ಹೀಟಿನ ಮೇಲೆ ಹೀಟು ಹೇರಿದ. ಇಂದ್ರಾಣಿ ಅಂಗಡಿಯ ಮಾತನ್ನೆಲ್ಲ ತಂದು ಸುರಿದಳು. ಕೊನೆಗೆ ಗೆದ್ದದ್ದು ಅವಳೇ. ಬೆಳಿಗ್ಗೆ ಐದಕ್ಕೆ ಥೈರಾಯ್ಡ್ ಮಾತ್ರೆ, ಬರೀ ನೀರಲ್ಲಿ. ಒಂದು ಗಂಟೆ ಏನೂ ಕುಡಿಯುವ ಹಾಗಿಲ್ಲ. ಮಿಕ್ಕ ಎರಡು ಮಾತ್ರೆ ರಾತ್ರಿ ಊಟದ ಮೇಲೆ. ಇಷ್ಟನ್ನೂ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯ ಗೂಡಿನಲ್ಲಿ ನಿಲ್ಲಿಸಿದಳು. ಪಾಪಮ್ಮನಿಗೆ ಓದಲು ಬರುತ್ತಿರಲಿಲ್ಲ, ಆದರೂ ಅದರ ಮುಂದೆ ನಿಂತು ತಲೆಯಾಡಿಸಿದಳು.

ಮೊದಲ ಮೂರು ವಾರ ಇಂದ್ರಾಣಿಯ ದಿನಗಳು. ಅತ್ತೆಯ ಮುಖದ ಊತ ಇಳಿಯಿತು. ದನಿಯಲ್ಲಿದ್ದ ಭಾರ ಹೋಯಿತು. ನಾಲ್ಕು ವರ್ಷದಿಂದ ಕಾಲೆಳೆದುಕೊಂಡು ಹೋಗುತ್ತಿದ್ದವಳು ಮೊಮ್ಮಗಳು ರಂಜಿನಿಯ ಕೈ ಹಿಡಿದು ಬಿರಬಿರನೆ ಶಾಲೆಗೆ ನಡೆದಳು. ನನ್ನ ಸೊಸೆ ಅರ್ಧ ಡಾಕ್ಟರು ಎಂದು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳು. ಆ ಮಾತು ಇಂದ್ರಾಣಿಯ ಕಿವಿಗೆ ಬಿದ್ದು, ಅವಳು ನಾಲ್ಕು ದಿನ ಅಂಗಡಿಯಲ್ಲಿ ಇನ್ನೂ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದಳು. ಪಾಪ, ಅವಳಿಗೂ ಜೀವನದಲ್ಲಿ ಯಾರೂ ಬಿರುದು ಕೊಟ್ಟಿರಲಿಲ್ಲ.

ಪಾಪಮ್ಮ ಶಾಲೆಗೆ ಹೋಗುತ್ತಿದ್ದುದು ಮೊಮ್ಮಗಳನ್ನು ಬಿಡಲಿಕ್ಕಲ್ಲ. ದೇವನೂರಿನ ದಾರಿಯಲ್ಲಿ ಸಿಗುವ ಆಲದಮಾಳ ಎಂಬ ತಮ್ಮ ಊರಿನ ಶಾಲೆಯಲ್ಲಿ ಅವಳು ಬಿಸಿಯೂಟದ ಮುಖ್ಯ ಅಡುಗೆಯವಳು. ಕೆಳಗಿನ ಕೇರಿಯ ಹೆಂಗಸು, ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಪಟವೂ ಬುದ್ಧನ ಪಟವೂ ಇದ್ದ ಮನೆಯವಳು, ಊರಿನ ಎಲ್ಲ ಮಕ್ಕಳಿಗೂ ಅನ್ನ ಬೇಯಿಸುವುದೆಂದರೆ ಆಲದಮಾಳದಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ. ಏಳು ವರ್ಷದ ಹಿಂದೆ ಅವಳು ಸೌಟು ಹಿಡಿದಾಗ ಮೇಲಿನ ಬೀದಿಯ ಮಕ್ಕಳು ಊಟದ ಬೆಲ್ಲಿಗೆ ಮನೆಗೆ ಓಡುತ್ತಿದ್ದವು. ಆಫೀಸರುಗಳು ಬಂದರು, ಸಭೆ ಮಾಡಿದರು, ಸಾಲಿನಲ್ಲಿ ಕೂತು ಉಂಡು ಫೋಟೋ ತೆಗೆಸಿಕೊಂಡು ಹೋದರು. ಅದರಿಂದ ಒಂದು ಮಗುವೂ ಬರಲಿಲ್ಲ. ಪಾಪಮ್ಮ ಒಂದು ದಿನ ರಜೆ ಹಾಕದೆ, ಯಾರಿಗೂ ಒಂದು ಮಾತು ಎದುರಾಡದೆ, ಬೇಳೆ ನುಣ್ಣಗೆ ಬೇಯಿಸಿ ಒಗ್ಗರಣೆ ಘಮ್ಮೆನಿಸಿ ಕಾದಳು. ಎರಡನೇ ವರ್ಷದ ದಸರಾ ರಜೆ ಮುಗಿದ ಮೇಲೆ ಆ ಮಕ್ಕಳೂ ತಟ್ಟೆ ಹಿಡಿದು ಸಾಲಿಗೆ ಬಂದವು. ಆವತ್ತು ಪಾಪಮ್ಮ ಮನೆಗೆ ಬಂದು ಯಾರ ಜೊತೆಗೂ ಮಾತಾಡದೆ ಹಿತ್ತಲಲ್ಲಿ ಕೂತು ಅತ್ತಿದ್ದಳು. ಗಂಡ, ಮಗ, ಮನೆ ಇವೆಲ್ಲ ಅವಳ ಪಾಲಿಗೆ ತಾನಾಗಿ ಬಂದವು. ಆ ಒಲೆ ಮಾತ್ರ ಅವಳು ಗೆದ್ದುಕೊಂಡದ್ದು.

ಜುಲೈ ಕೊನೆಯ ಹೊತ್ತಿಗೆ ಮನೆಯಲ್ಲಿ ಗಾಳಿ ತಿರುಗಿತು. ಪಾಪಮ್ಮನಿಗೆ ಬೆವರು ಶುರುವಾಯಿತು. ಮೋಡ ಮುಚ್ಚಿ ತಣ್ಣಗೆ ಗಾಳಿ ಬೀಸುವ ದಿನಗಳಲ್ಲೂ ಅವಳ ರವಿಕೆ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ನಿದ್ದೆ ಹೋಯಿತು. ಎರಡು ಮುದ್ದೆ ಉಂಡರೂ ಒಂದು ಗಂಟೆಗೆ ಹಸಿವು ಎನ್ನುತ್ತಿದ್ದಳು, ಆದರೂ ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ದಿನಕ್ಕೆ ನಾಲ್ಕು ಸಲ ಹೊರಕಡೆಗೆ ಓಡುತ್ತಿದ್ದಳು. ಎದೆಯೊಳಗೆ ಯಾರೋ ಒನಕೆಯಲ್ಲಿ ಕುಟ್ಟುತ್ತಿದ್ದಾರೆ ಎಂದು ಒಂದು ದಿನ ರಂಜಿನಿಗೆ ಹೇಳಿದಳಂತೆ. ಎಂದೂ ದನಿ ಏರಿಸದ ಹೆಂಗಸು ಉಪ್ಪಿನ ಡಬ್ಬಿ ಜಾಗ ಬದಲಾದದ್ದಕ್ಕೆ ಗಂಡನ ಮೇಲೆ ಚೊಂಬು ಬೀಸಿದಳು. ಮೊಮ್ಮಗಳ ಬೆನ್ನಿಗೆ ಎರಡೇಟು ಹಾಕಿ, ಆಮೇಲೆ ಅವಳನ್ನು ತಬ್ಬಿಕೊಂಡು ತಾನೇ ಬಿಕ್ಕಿದಳು.

ರಾತ್ರಿಯ ಊಟ ಎಂದರೆ ಈಗ ಜಗಳದ ಹೊತ್ತು. ಹುರುಳಿ ಸಾರಿಗೆ ಉಪ್ಪು ಎರಡು ಸಲ ಬಿದ್ದಿರುತ್ತಿತ್ತು, ಇಲ್ಲವೇ ಬಿದ್ದೇ ಇರುತ್ತಿರಲಿಲ್ಲ. ಶಿವಮೂರ್ತಿ ತಟ್ಟೆ ತಳ್ಳಿ ಏಳುತ್ತಿದ್ದ. ಇಡೀ ದಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಬೈಗುಳ, ಮನೆಗೆ ಬಂದರೆ ಅವ್ವನ ಬೈಗುಳ, ಮನುಷ್ಯ ಎಲ್ಲಿ ಹೋಗಿ ಕೂರಬೇಕು ಎಂದು ಗೋಡೆಗೆ ಹೇಳುತ್ತಿದ್ದ.

ಪುಟ್ಟಬಸವಯ್ಯನಿಗೆ ಮಾತ್ರ ಕಾರಣ ಸ್ಪಷ್ಟವಾಗಿತ್ತು. "ಈಟು ಕಣವ್ವ, ಈಟು. ಆಲಲ್ಲಿ ನುಂಗ್ತಿದ್ದಾಗ ಇದ್ಯಾವ್ದೂ ಇರ್ನಿಲ್ಲ. ನೀನು ಆಲು ಬುಡ್ಸುದ್ಮೇಲೇ ತಾನೇ ಇವೆಲ್ಲ ಸುರುವಾದ್ದು?"

"ಮಾವ, ಹೀಟು ಅಂತ ಒಂದಿಲ್ಲ. ಇದು ಮುಟ್ಟು ನಿಲ್ಲೋ ವಯಸ್ಸು, ಎಲ್ಲಾ ಹೆಂಗಸರಿಗೂ ಹಿಂಗೇ ಬೆವರುತ್ತೆ" ಎಂದಳು ಇಂದ್ರಾಣಿ.

ಹೀಗೆ ಹೇಳಿದವಳ ಮನಸ್ಸು ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಔಷಧಿ ಬದಲಾದಾಗ ರಕ್ತ ಪರೀಕ್ಷೆ ಮಾಡಿಸಬೇಕು ಎನ್ನುವುದು ಅಂಗಡಿಯಲ್ಲಿ ಅವಳೇ ಹತ್ತು ಜನಕ್ಕೆ ಹೇಳಿದ್ದ ಮಾತು. ಇಲ್ಲಿ ಔಷಧಿ ಬದಲಾಗಿಲ್ಲವಲ್ಲ, ನೀರು ತಾನೇ ಬದಲಾಗಿದ್ದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಂದೆರಡು ಸಲ ಅತ್ತೆಯನ್ನು ಆಸ್ಪತ್ರೆಗೆ ಕರೆದದ್ದೂ ಉಂಟು. ಪಾಪಮ್ಮ ಒಪ್ಪಲಿಲ್ಲ. ತಾನು ರಜೆ ಹಾಕಿದರೆ ಸಹಾಯಕಿ ಗುರುಬಸಮ್ಮ ಸೌಟು ಹಿಡಿಯುತ್ತಾಳೆ, ಒಂದು ದಿನ ಬಿಟ್ಟುಕೊಟ್ಟರೆ ಆ ಸೌಟು ಮತ್ತೆ ತನ್ನ ಕೈಗೆ ಬರುವುದಿಲ್ಲ, ಅಷ್ಟು ಗೊತ್ತಾಗದಷ್ಟು ದಡ್ಡಿಯಲ್ಲ ತಾನು ಎಂದಳು. ಗುರುಬಸಮ್ಮ ಮೇಲಿನ ಬೀದಿಯವಳು. ಕೆಟ್ಟವಳಲ್ಲ. ಆದರೆ ಅವಳ ಹಿಂದೆ ಮೇಲಿನ ಬೀದಿ ಪೂರ್ತಿ ಇತ್ತು.

ಭಾನುವಾರ ಬೆಳಿಗ್ಗೆ ರಕ್ತ ತೆಗೆಯುವ ಲ್ಯಾಬು ಇಂದ್ರಾಣಿಯ ಅಂಗಡಿಯಿಂದ ನಾಲ್ಕು ಬಾಗಿಲಾಚೆ ಇತ್ತು. ಅದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಅವಳು ಹೆದರಿದ್ದಳು. ರಿಪೋರ್ಟಿನಲ್ಲಿ ಏನಾದರೂ ಹೆಚ್ಚುಕಮ್ಮಿ ಬಂದರೆ ಗೂಡಿನಲ್ಲಿ ನಿಲ್ಲಿಸಿದ ರಟ್ಟಿನ ಗತಿ ಏನು, ಅರ್ಧ ಡಾಕ್ಟರಿನ ಗತಿ ಏನು, ಮಾವನ ಹೀಟಿನ ಎದುರು ಹೇಗೆ ನಿಲ್ಲುವುದು? ಮುಂದಿನ ಭಾನುವಾರ ನೋಡೋಣ ಎಂದುಕೊಂಡಳು. ಹೀಗೆ ನಾಲ್ಕು ಭಾನುವಾರ ಹೋದವು.

ಆಗಸ್ಟಿನ ಒಂದು ಸಂಜೆ ಇಂದ್ರಾಣಿ ಬಸ್ಸಿಳಿದು ಬಂದಾಗ ಪಾಪಮ್ಮ ಹಿತ್ತಲ ಕಲ್ಲಿನ ಮೇಲೆ ಕೂತು ಎರಡೂ ಕೈಯನ್ನು ಮುಂದಕ್ಕೆ ಚಾಚಿ ನೋಡಿಕೊಳ್ಳುತ್ತಿದ್ದಳು. ಬೆರಳುಗಳು ನಡುಗುತ್ತಿದ್ದವು. ಸೊಸೆಯನ್ನು ಕಂಡು ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಇಂದ್ರ, ನಾಳಿಕೊಂದಿನ ಆಲಲ್ಲಿ ನುಂಗ್ಲಾ? ಒಂದೇ ದಿನ ಕಣವ್ವ" ಎಂದಳು. ಅತ್ತೆ ಸೊಸೆಯನ್ನು ಕೇಳುವ ದನಿಯಲ್ಲ ಅದು. ರಂಜಿನಿ ಮಿಠಾಯಿಗೆ ಕೇಳುವ ದನಿ.

"ಬೇಡ ಅತ್ತೆ. ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಗುತ್ತೆ."

"ಆಯ್ತು ಬುಡು" ಎಂದು ಪಾಪಮ್ಮ ಎದ್ದು ಒಳಗೆ ಹೋದಳು. ಜಗಳ ಮಾಡಲಿಲ್ಲ, ಚೊಂಬು ಬೀಸಲಿಲ್ಲ. ಸೊಸೆಯ ಮಾತಿನಲ್ಲಿ ಅವಳಿಗೆ ಅಷ್ಟು ನಂಬಿಕೆ ಇತ್ತು. ಆಮೇಲೆ ಇಂದ್ರಾಣಿಯನ್ನು ಬೇರೆ ಯಾವ ಬೈಗುಳವೂ ಸುಡಲಿಲ್ಲ, ಆ ‘ಆಯ್ತು ಬುಡು’ ಸುಟ್ಟಷ್ಟು.

ಹತ್ತು ದಿನ ಕಳೆದ ಮೇಲೆ ಶಾಲೆಯಿಂದ ಹೆಡ್ಮಾಸ್ಟರ್ ಶಿವಸ್ವಾಮಿ ಅಂಗಡಿಗೇ ಫೋನ್ ಮಾಡಿದರು. ಇಂದ್ರಾಣಿ ಸಿಕ್ಕಿದ ಬಸ್ಸು ಹತ್ತಿ ಬಂದಳು. ಸಾಲಿನಲ್ಲಿ ಬಡಿಸುತ್ತಿದ್ದಾಗ ಪಾಪಮ್ಮನ ಕೈ ನಡುಗಿ, ಸೌಟಿನ ಕುದಿಯುವ ಸಾಂಬಾರು ತಟ್ಟೆಯ ಬದಲು ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಮುಂಗೈ ಮೇಲೆ ಬಿದ್ದಿತ್ತು. ರೂಪಾಯಿಯಗಲ ಬೊಬ್ಬೆ ಎದ್ದಿತ್ತು. ಮುಲಾಮು ಹಚ್ಚಿ ಮಗುವನ್ನು ಮನೆಗೆ ಕಳಿಸಿ ಆಗಿತ್ತು. ಪಾಪಮ್ಮ ಅಡುಗೆಕೋಣೆಯ ಹೊಸ್ತಿಲ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಅಂಗಳದಲ್ಲಿ ಶಾಲೆಯ ಸಮಿತಿಯ ಅಧ್ಯಕ್ಷ ನಂಜೇಶ್ ಮತ್ತು ಮೇಲಿನ ಬೀದಿಯ ಏಳೆಂಟು ಜನ ನಿಂತಿದ್ದರು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು, ಎದುರು ಮಾತಾಡಲು ಒಂದು ಜಾಗವಾದರೂ ಸಿಗುತ್ತಿತ್ತು. ಎಲ್ಲರೂ ಪಾಪಮ್ಮನ ಆರೋಗ್ಯದ ಬಗ್ಗೆಯೇ ಮಾತಾಡಿದರು. ಎಷ್ಟು ಸೊರಗಿಹೋಗಿದ್ದಾಳೆ ಎಂದರು. ಪಾಪ ಎಂದರು. ಜಾತಿ ಎನ್ನುವ ಎರಡಕ್ಷರ ಒಂದು ಬಾಯಿಂದಲೂ ಬರಲಿಲ್ಲ.

"ನಿನ್ಮೇಲೆ ನಮಗೇನೂ ಇಲ್ಲ ಪಾಪಮ್ಮ" ಎಂದು ನಂಜೇಶ್ ತನ್ನ ತಾಯಿಯ ವಯಸ್ಸಿನವಳಿಗೆ ಹೇಳಿದ. "ಮಕ್ಕಳ ವಿಚಾರ ಕಣವ್ವ. ನಾಳೆ ದೊಡ್ಡ ಅನಾವುತ ಆದ್ರೆ ಯಾರು ಜವಾಬ್ದಾರಿ?"

ಶಿವಸ್ವಾಮಿ ಮೇಷ್ಟ್ರು ಒಳ್ಳೆಯ ಮನುಷ್ಯ, ಒಳ್ಳೆಯತನ ಜಾಸ್ತಿಯಾಗಿ ಬೆನ್ನು ಸ್ವಲ್ಪ ಬಾಗಿದ್ದ ಮನುಷ್ಯ. ಡಾಕ್ಟರ ಹತ್ತಿರ ತೋರಿಸಿ ಕೆಲಸಕ್ಕೆ ಯೋಗ್ಯಳು ಎಂದು ಒಂದು ಸರ್ಟಿಫಿಕೇಟ್ ತನ್ನಿ, ಅಲ್ಲಿಯವರೆಗೆ ಮನೆಯಲ್ಲಿರಿ ಎಂದರು. ಪಾಪಮ್ಮ ಸೌಟನ್ನು ತೊಳೆದು, ಮೊಳೆಗೆ ತೂಗುಹಾಕಿ, ಸೊಸೆಯ ಹಿಂದೆ ಮನೆಗೆ ನಡೆದಳು.

ಮಾರನೇ ದಿನ ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋದರು. ರಕ್ತ ತೆಗೆದರು, ಎದೆಯ ಮೇಲೆ ವೈರು ಅಂಟಿಸಿ ಇಸಿಜಿ ಪಟ್ಟಿ ತೆಗೆದರು. ರಿಪೋರ್ಟು ಬಂದ ಮೇಲೆ ಲೇಡಿ ಡಾಕ್ಟರು ಚೀಟಿಗಳನ್ನೆಲ್ಲ ಹಿಂದಿನಿಂದ ಮುಂದಕ್ಕೆ ತಿರುವಿ, ಇದು ಮಾತ್ರೆ ಮೈಗೆ ಮಿತಿಮೀರಿ ಸೇರಿ ಆಗಿರುವುದು, ಡೋಸ್ ಅದೇ ಇದೆ, ಹಾಗಿದ್ದ ಮೇಲೆ ಈ ಮೂರು ತಿಂಗಳಲ್ಲಿ ಏನು ಬದಲಾಯಿತು ಎಂದು ಕೇಳಿದರು. ಪಾಪಮ್ಮ ನೆಲ ನೋಡಿದಳು. ಇಂದ್ರಾಣಿ ಹಾಲು, ಕ್ಯಾಲ್ಸಿಯಂ, ಕಬ್ಬಿಣ, ನೀರು, ಬೆಳಿಗ್ಗೆ ಐದು ಗಂಟೆ ಎಲ್ಲವನ್ನೂ ಹೇಳಿದಳು.

ಡಾಕ್ಟರು ಬೈಯಲಿಲ್ಲ. "ನೋಡಮ್ಮ, ಹಾಲು, ಆ ಎರಡು ಮಾತ್ರೆ ಎಲ್ಲಾ ಸೇರಿ ಇದನ್ನ ತಡೀತಿದ್ವು. ಮೈಗೆ ಹೋಗ್ತಿದ್ದುದು ಅರ್ಧವೋ ಏನೋ. ಅದಕ್ಕೇ ಪಾಪ ಅವರು ಡೋಸ್ ಏರಿಸ್ತಾ ಹೋಗಿದಾರೆ. ನೀವು ನೀರಿಗೆ ಬದಲಾಯಿಸಿದ್ದು ಸರಿ. ಆದರೆ ಆವತ್ತೇ ಇಲ್ಲಿಗೆ ಬರಬೇಕಿತ್ತು, ನಾವು ಡೋಸ್ ಇಳಿಸ್ತಿದ್ವಿ. ಬೆವರೋಕೆ ಶುರುವಾದಾಗಲಾದರೂ ಬರಬೇಕಿತ್ತು. ಮನೇಲಿ ಯಾರೂ ಏನೂ ಹೇಳಲಿಲ್ವಾ?"

ಮಾವ ಹೇಳಿದ್ದ. ಒಂದು ತಿಂಗಳಿಂದ ಮೂರು ಹೊತ್ತೂ ಹೇಳುತ್ತಿದ್ದ. ಅವನ ಪದ ತಪ್ಪಾಗಿತ್ತು, ಮಾತು ಸರಿಯಿತ್ತು. ಇಂದ್ರಾಣಿ ಯಾರೂ ಹೇಳಲಿಲ್ಲ ಎಂದು ತಲೆಯಾಡಿಸಿದಳು.

ಮಾತ್ರೆ ಎಪ್ಪತ್ತೈದಕ್ಕೆ ಇಳಿಯಿತು. ಎದೆಬಡಿತ ಲಯ ತಪ್ಪಿದ್ದರಿಂದ ಅದಕ್ಕೆ ಬೇರೆ ಮಾತ್ರೆ ಬರೆದರು. ಎಂಟು ವಾರದ ಮೇಲೆ ಮತ್ತೆ ರಕ್ತ ಪರೀಕ್ಷೆಯಾಗದೆ ಸರ್ಟಿಫಿಕೇಟ್ ಕೊಡಲು ಆಗುವುದಿಲ್ಲ ಎಂದರು. ಪಾಪಮ್ಮ ಒಂದೇ ಪ್ರಶ್ನೆ ಕೇಳಿದಳು, ಎಂಟು ವಾರ ಅಂದರೆ ದಸರಾ ರಜೆ ಮುಗಿಯುವುದಕ್ಕೆ ಮುಂಚೆಯೋ ಆಮೇಲೋ ಎಂದು. ಆಮೇಲೆ ಎಂದು ಇಂದ್ರಾಣಿ ಹೇಳಿದಳು.

ಆವತ್ತಿನ ರಾತ್ರಿಯ ಊಟಕ್ಕೆ ಮಸ್ಸೊಪ್ಪು ಮಾಡಿದವಳು ಇಂದ್ರಾಣಿ. ಶಿವಮೂರ್ತಿ ಮುದ್ದೆಯನ್ನು ಮುರಿಯದೆ ಕೂತಿದ್ದ.

"ನಿನ್ನ ಯಾರು ಡಾಕ್ಟ್ರು ಮಾಡ್ದೋರು?" ಎಂದು ಹೆಂಡತಿಯನ್ನು ಕೇಳಿದ. "ಆರು ತಿಂಗಳು ಡಬ್ಬ ಜೋಡ್ಸುದ್ರೆ ಡಾಕ್ಟ್ರಾ? ಅಪ್ಪ ಬಾಯಿ ಬಡ್ಕೊಂಡ್ರೂ ಕೇಳ್ನಿಲ್ಲ ನೀನು."

"ಅವಳ ಯಾಕ್ಲಾ ಬೈತೀಯೆ" ಎಂದಳು ಪಾಪಮ್ಮ. "ಡಾಕ್ಟ್ರಿಗೆ ಸುಳ್ಳು ಯೋಳಿದ್ದು ನಾನು. ನೀನು ಎಂದಾದ್ರೂ ಅವ್ವ ಯಾವ ಮಾತ್ರೆ ನುಂಗ್ತಾಳೆ ಅಂತ ನೋಡಿದ್ಯಾ?"

ಪುಟ್ಟಬಸವಯ್ಯನದು ಗೆದ್ದ ಮುಖವಾಗಿರಲಿಲ್ಲ. ಹೆಂಡತಿಯ ತಟ್ಟೆಗೆ ಒಂದು ಸೌಟು ಸಾರು ಬಿಟ್ಟು ಜಗಲಿಗೆ ಹೋದ.

ಇಂದ್ರಾಣಿ ಶನಿವಾರ ತವರಿಗೆ ಹೋದಳು. ತವರು ತಿ. ನರಸೀಪುರದ ಹತ್ತಿರದ ಒಂದು ಹಳ್ಳಿ. ಅಲ್ಲಿ ಅವಳ ತಾಯಿ ಅಕ್ಕಿರೊಟ್ಟಿ ತಟ್ಟಿ ಕೊಟ್ಟು, ನೀನು ಒಳ್ಳೆಯದಕ್ಕೇ ಮಾಡಿದ್ದು ಎಂದು ದೇವರಿಗೆ ಗೊತ್ತು ಎಂದಳು. ಮಗಳಿಗೆ ಅದು ಹಿತವಾಗಲಿಲ್ಲ. ಮಾಡಿದ್ದು ಒಳ್ಳೆಯದಕ್ಕೇ, ಅದು ನಿಜ. ಆದರೆ ಆ ನಾಲ್ಕು ಭಾನುವಾರ ಸುಮ್ಮನಿದ್ದದ್ದು ಯಾತಕ್ಕೆ ಎನ್ನುವುದೂ ಅವಳಿಗೆ ಗೊತ್ತಿತ್ತು, ಅದನ್ನು ತಾಯಿಗೆ ಹೇಳುವ ಧೈರ್ಯ ಇರಲಿಲ್ಲ. ವಾರ ಇರಬೇಕೆಂದು ಬಂದವಳು ಸೋಮವಾರದ ಮೊದಲ ಬಸ್ಸಿಗೆ ಹೊರಟು, ನರಸೀಪುರದಲ್ಲಿ ಬಸ್ಸು ಬದಲಾಯಿಸಿ ನಂಜನಗೂಡಿಗೆ ಬಂದು, ಅಲ್ಲಿಂದಲೇ ಅಂಗಡಿಗೆ ಹೋದಳು. ಅಂಗಡಿಯಲ್ಲಿ ಅವಳ ದನಿ ಇಳಿದಿತ್ತು. ಗಿರಾಕಿಗಳು ಎರಡೆರಡು ಸಲ ಏನಂದ್ರಿ ಎಂದು ಕೇಳುವಂತಾಯಿತು. ಡಾಕ್ಟರನ್ನೇ ಒಂದು ಮಾತು ಕೇಳಿ ಎಂದು ಹೇಳುತ್ತಿದ್ದಳು.

ಆ ಎಂಟು ವಾರ ಪಾಪಮ್ಮ ಕೈಯನ್ನು ಸಾಕಿದಳು ಎನ್ನಬೇಕು. ದಿನಾ ಮಧ್ಯಾಹ್ನ, ಶಾಲೆಯಲ್ಲಿ ಊಟದ ಬೆಲ್ಲು ಹೊಡೆಯುವ ಹೊತ್ತಿಗೆ, ಹಿತ್ತಲಲ್ಲಿ ತಟ್ಟೆಗಳನ್ನು ಸಾಲಾಗಿ ಇಟ್ಟು ಕೊಳಗದಿಂದ ಸೌಟಿನಲ್ಲಿ ನೀರು ಬಡಿಸುತ್ತಾ ಹೋಗುತ್ತಿದ್ದಳು. ಮೊದಮೊದಲು ಅರ್ಧ ನೀರು ನೆಲಕ್ಕೆ. ಸೆಪ್ಟೆಂಬರ್ ಕೊನೆಗೆ ಬೆವರು ನಿಂತಿತು, ನಿದ್ದೆ ಬಂತು, ಸಾರಿನ ಉಪ್ಪು ಹದಕ್ಕೆ ಬಂತು. ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ಹನ್ನೆರಡು ತಟ್ಟೆಗೂ ಒಂದು ತೊಟ್ಟು ಚೆಲ್ಲದೆ ಬಡಿಸಿದಳು. ಪುಟ್ಟಬಸವಯ್ಯ ಬೇಲಿಯ ಹತ್ತಿರ ನಿಂತು ನೋಡಿ, ಇನ್ನೇನು ಒಲೆ ನಿಂದೇ ಬುಡು ಎಂದ. ಅವಳು ನಕ್ಕಳು. ಆ ಮನೆಯಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು.

ನವೆಂಬರ್ ಮೊದಲ ವಾರ ಸರ್ಟಿಫಿಕೇಟ್ ಸಿಕ್ಕಿತು. ಎದೆಬಡಿತ ಪೂರ್ತಿ ಸರಿಹೋಗಿಲ್ಲ, ಭಾರ ಎತ್ತಬೇಡಿ, ಅಡುಗೆ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಬರೆದಿತ್ತು. ಅತ್ತೆ ಸೊಸೆ ಇಬ್ಬರೂ ಶಾಲೆಗೆ ಹೋದರು. ಪಾಪಮ್ಮ ಕೆಲಸದ ಸೀರೆಯನ್ನೇ ಉಟ್ಟುಕೊಂಡು ಬಂದಿದ್ದಳು.

ಶಿವಸ್ವಾಮಿ ಮೇಷ್ಟ್ರು ಕಾಗದವನ್ನು ಓದಿ, ಮಡಿಚಿ, ಮತ್ತೆ ಬಿಚ್ಚಿ ಓದಿದರು. ಸಮಿತಿ ಕೂತು ಠರಾವು ಮಾಡಿಯಾಗಿದೆ ಎಂದರು. ಗುರುಬಸಮ್ಮ ಈಗ ಮುಖ್ಯ ಅಡುಗೆಯವರು, ಅವರ ಕೈಕೆಳಗೆ ಇನ್ನೊಬ್ಬರನ್ನು ತೆಗೆದುಕೊಂಡಿದೆ, ಅವರನ್ನು ಬಿಡಿಸಲು ಕಾರಣ ಬೇಕಲ್ಲ ಎಂದರು.

ಇಂದ್ರಾಣಿ ಆಗ ಎಲ್ಲವನ್ನೂ ಹೇಳಿದಳು. "ತಪ್ಪು ನಂದು ಸಾ. ಅವರ ಕೈ ನಡುಗಿದ್ದು ನನ್ನಿಂದ. ನಾನು ಮಾತ್ರೆ ಕೊಟ್ಟ ರೀತಿಗೆ ಹಂಗಾಯ್ತು. ಬೇಕಾದ್ರೆ ಬರಕೊಡ್ತೀನಿ, ಊರವರ ಮುಂದೆ ನಿಂತು ಹೇಳ್ತೀನಿ."

ಮೇಷ್ಟ್ರು ಅವಳನ್ನು ಕನಿಕರದಿಂದ ನೋಡಿದರು. "ಹೇಳಬಹುದಮ್ಮ" ಎಂದರು. "ಆದರೆ ಕೈ ನಡುಗಿದ್ದಕ್ಕೆ ಕಾರಣ ಏನು ಅಂತ ಇಲ್ಲಿ ಯಾರೂ ಕೇಳ್ತಾ ಇಲ್ಲ."

ಇಂದ್ರಾಣಿ ಬಿಡಲಿಲ್ಲ. ನಂಜನಗೂಡಿನ ಶಿಕ್ಷಣ ಇಲಾಖೆಯ ಆಫೀಸಿಗೆ ಅರ್ಜಿ ಕೊಡುವುದೆಂದು ತೀರ್ಮಾನಿಸಿದಳು. ಅತ್ತೆಗೆ ಒಲೆ ವಾಪಸು ಕೊಡಿಸದೆ ತನಗೆ ಆ ಮನೆಯಲ್ಲಿ ಅನ್ನ ರುಚಿಸುವುದಿಲ್ಲ ಎನ್ನುವುದು ಅವಳಿಗೆ ಖಚಿತವಾಗಿತ್ತು. ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ಕೂತು ಬಿಳಿ ಹಾಳೆಯ ಮೇಲೆ, ಏಳು ವರ್ಷದಿಂದ ಊರಿನ ಎಲ್ಲಾ ಮಕ್ಕಳಿಗೂ ಯಾವ ಭೇದಭಾವ ಇಲ್ಲದೆ ಅಡುಗೆ ಮಾಡಿ ಬಡಿಸುತ್ತಾ ಬಂದಿರುವ ಎಂದು ಬರೆಯತೊಡಗಿದಳು. ಪಾಪಮ್ಮ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ, ಎಲ್ಲಿಗೆ ಬಂತು ಎಂದು ಆಗಾಗ ಕೇಳುತ್ತಿದ್ದಳು.

ಆ ಹೊತ್ತಿಗೆ ಗುರುಬಸಮ್ಮ ಬಂದಳು. ಕೆಳಗಿನ ಕೇರಿಗೆ ಅವಳು ಬಂದದ್ದು ಅದೇ ಮೊದಲು. ಒಳಗೆ ಬರಲಿಲ್ಲ, ಜಗಲಿಯ ಅಂಚಿನಲ್ಲಿ ಕೂತಳು. ಇಂದ್ರಾಣಿ ನೀರು ತಂದರೆ ಈಗ ತಾನೇ ಕುಡಿದೆ ಎಂದಳು. ಪಾಪಮ್ಮನ ಮೈ ಹುಷಾರಾದದ್ದಕ್ಕೆ ಸಂತೋಷಪಟ್ಟಳು, ಅದು ನಾಟಕದ ಸಂತೋಷವೂ ಅಲ್ಲ. ಆಮೇಲೆ ಸಂಕೋಚದಿಂದ ಬಂದ ಕೆಲಸ ಹೇಳಿದಳು.

"ಪಾಪಕ್ಕ, ನೂರಾ ಹನ್ನೆರಡು ಮಕ್ಕಳಿಗೆ ನೀನು ಎಷ್ಟು ಅಕ್ಕಿ ಆಕ್ತಿದ್ದೆ?"

"ಅದಿಮೂರು ಕೆಜಿ."

"ನಾನೂ ಅಷ್ಟೇ ಆಕ್ತೀನಿ. ದಿನಾ ಸಾಲ್ತಾ ಇಲ್ಲ ಕಣಕ್ಕ. ಕೊನೇಲಿ ಕೂತ ಮಕ್ಕಳಿಗೆ ಅನ್ನ ಇರಲ್ಲ. ನಿನ್ನ ಕಾಲ್ದಲ್ಲಿ ಮಿಕ್ಕಿ ಸಂಜೆ ದನಕ್ಕೆ ಆಕ್ತಿದ್ವಲ್ಲ. ನಾನೆಲ್ಲಿ ಅಳತೆ ತಪ್ತಾ ಇವ್ನಿ ಅಂತ..."

ಹೇಳುತ್ತಾ ಹೇಳುತ್ತಾ ಗುರುಬಸಮ್ಮನೇ ನಿಂತುಬಿಟ್ಟಳು. ತಾನು ಏನು ಹೇಳಿದೆ ಎನ್ನುವುದು ಅವಳಿಗೆ ಆಗ ಕೇಳಿಸಿದಂತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

"ಮಕ್ಕಳು ಈಗ್ಲೂ ಅಷ್ಟೇ ತಾನೇ?" ಎಂದು ಕೇಳಿದಳು ಪಾಪಮ್ಮ.

"ಅಷ್ಟೇ ಕಣಕ್ಕ. ಅವೇ ಮಕ್ಕಳು."

"ನಿಮ್ಮ ಬೀದಿ ಮಕ್ಕಳು ಎರಡ್ನೇ ಸಲ ಈಸ್ಕೋತವಾ?"

ಗುರುಬಸಮ್ಮ ತಲೆ ತಗ್ಗಿಸಿಕೊಂಡೇ ಹೂಂ ಎಂದಳು.

ಪಾಪಮ್ಮ ಸುಲಿದ ಕಾಳನ್ನು ಮೊರದಲ್ಲಿ ಒಂದು ಕಡೆಗೆ ಸರಿಸಿದಳು. ಆಮೇಲೆ, "ಮೇಷ್ಟ್ರಿಗೆ ಯೋಳಿ ಇನ್ನು ಮೂರು ಕೆಜಿ ಜಾಸ್ತಿ ಆಕ್ಸು ಗುರುಬಸಮ್ಮ. ಮಕ್ಕಳು ಅಸ್ಕೊಂಡು ಏಳ್ಬಾರ್ದು" ಎಂದಳು.

ಗುರುಬಸಮ್ಮ ಎದ್ದು ಹೋದಳು. ಇಂದ್ರಾಣಿ ಪೆನ್ನು ಹಿಡಿದುಕೊಂಡೇ ಕೂತಿದ್ದಳು. ಹಾಳೆಯ ಮೇಲೆ ವಾಕ್ಯ ಅರ್ಧಕ್ಕೆ ನಿಂತಿತ್ತು.

"ಬುಡು ಇಂದ್ರ, ಬರೀಬ್ಯಾಡ" ಎಂದಳು ಪಾಪಮ್ಮ. ಅವಳ ಕೈ ನಡುಗುತ್ತಿರಲಿಲ್ಲ. "ಬಡ್ಸುವಾಗ ಆ ಮಕ್ಕಳು ಸಾಕಜ್ಜಿ, ಸಾಕಜ್ಜಿ ಅಂತಿದ್ವು ಕಣವ್ವ. ನಾನು ಒಟ್ಟೆ ತುಂಬ್ತು ಅಂತ ತಿಳ್ಕೊಂಡಿದ್ದೆ."